ಉಡಿಗಾಲದ ಗಾಳಕ್ಕೆ ಸಿಕ್ಕ ಮೋತ

ಗಾಳದ ವಿಷಯದಲ್ಲಿ ದೊಡ್ಡಮಾದಯ್ಯನಿಗೆ ಬುದ್ಧಿ ಹೇಳಿ ಗೆದ್ದವರು ಉಡಿಗಾಲದಲ್ಲಿ ಇನ್ನೂ ಹುಟ್ಟಿಲ್ಲ. ಅರಿಶಿನ ಯಾವಾಗ ಅಗೆಯಬೇಕು, ಬಾಳೆಗೆ ಎಷ್ಟು ನೀರು ಬಿಡಬೇಕು ಎಂಬುದರಲ್ಲಿ ಅವನಿಗೆ ಎದುರು ಮಾತಾಡಬಹುದು, ಗೊಣಗಿಕೊಂಡಾದರೂ ಕೇಳುತ್ತಾನೆ. ಕೂಲಿಗೆ ಹೋದ ಕಡೆ ಹೊಲದ ಯಜಮಾನ ರೇಗಿದರೂ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಸುಮ್ಮನಾಗುತ್ತಾನೆ. ಆದರೆ ಕೆರೆ ಏರಿಯ ಮೇಲೆ ಬಿದಿರು ಕೋಲು ಹಿಡಿದು ಕೂತನೆಂದರೆ ಅವನು ಯಾರ ಆಳೂ ಅಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅವನ ಹೆಸರು ನಿಂತಿದ್ದು ಕೊರವ ಮೀನಿನ ಮೇಲೆ. ಹಾವಿನಂಥ ತಲೆಯ ಕಪ್ಪು ಮೀನು ಅದು, ಕೆರೆಯ ಜೊಂಡಿನಲ್ಲಿ ಅಡಗಿರುತ್ತದೆ. ಗಾಳಕ್ಕೆ ಸಣ್ಣ ಕಪ್ಪೆ ಸಿಕ್ಕಿಸಿ ನೀರಿನ ಮೇಲೆ ಕುಣಿಸಿದರೆ ಬಂದು ಹಿಡಿಯುತ್ತದೆ. ಹಿಡಿದು ಒಂದಿಷ್ಟು ಜಗ್ಗಾಡಿ ಆಮೇಲೆ ತೆಪ್ಪಗಾಗುತ್ತದೆ. ಆ ಗಳಿಗೆಯಲ್ಲೇ ಒಂದೇ ಏಟಿಗೆ ದಡಕ್ಕೆ ಎಳೆದು ಬಿಸಾಡಿ, ಕಾಲಿಟ್ಟು ಒತ್ತಿಬಿಡಬೇಕು. ತಡ ಮಾಡಿದರೆ ಜೊಂಡಿನ ಬೇರಿಗೆ ಸುತ್ತಿಕೊಂಡು ದಾರ ಕಿತ್ತುಕೊಂಡು ಹೋಗುತ್ತದೆ. “ಕೊರವ ಸುಮ್ಕಾಯ್ತಾ, ಎಳ್ದುಬುಡು. ಯೋಚ್ನೆ ಮಾಡ್ಬ್ಯಾಡ” ಎಂದು ಅವನು ಏರಿಯ ಮೇಲೆ ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸುತ್ತಿದ್ದರು. ಮೀನು ಕೊಡುತ್ತಿದ್ದನಲ್ಲ, ತಲೆಯಾಡಿಸದೆ ಏನು ಮಾಡುತ್ತಾರೆ!

ಇಂಥವನಿಗೆ ಒಬ್ಬಳೇ ಮಗಳು, ಶಿವರಂಜಿನಿ. ಗುಂಡ್ಲುಪೇಟೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಸಂಬಳದ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿ ಕೇರಳದ ರಸ್ತೆ ಪಕ್ಕದಲ್ಲಿ ಸೋಮಮ್ಮ ಎಂಬಾಕೆ ಮೀನೂಟದ ಸಣ್ಣ ಅಂಗಡಿ ಇಟ್ಟಿದ್ದಾಳೆ. ಅವಳ ಮಗ ಸುಧಾಕರನಿಗೆ ಕಲ್ಲಿಕೋಟೆ ಕಡೆಯ ಕಡಲಲ್ಲಿ ಕೆಲಸ. ಬಲೆ ಬೀಸುವ ಕೆಲಸ ಅಂದುಕೊಳ್ಳಬೇಡಿ. ಕೈ ತುಂಬ ಕಾಸಿರುವ ಜನ ರಜೆ ದಿನ ದೋಣಿ ಬಾಡಿಗೆ ಹಿಡಿದು, ರೀಲು ಕಟ್ಟಿದ ಕೋಲು ಹಿಡಿದು, ದೊಡ್ಡ ಮೀನಿನ ಜೊತೆ ಜಗ್ಗಾಡಲು ಬರುತ್ತಾರೆ. ಅವರಿಗದು ಆಟ. ಅವರಿಗೆ ಗಾಳ ಕಟ್ಟಿಕೊಡುವುದು, ಮೀನಿರುವ ಜಾಗ ತೋರಿಸುವುದು, ದಣಿದು ಬಂದ ಮೀನಿಗೆ ಕೊಕ್ಕೆ ಹಾಕಿ ದೋಣಿಗೆ ಎತ್ತುವುದು ಸುಧಾಕರನ ಕೆಲಸ. ಊರಿಗೆ ಬಂದಾಗ ತಾಯಿಯ ಅಂಗಡಿಯಲ್ಲಿ ಎಲೆ ಹಾಕುತ್ತಾನೆ. ಶಿವರಂಜಿನಿ ಮಧ್ಯಾಹ್ನ ಅಲ್ಲಿಗೇ ಊಟಕ್ಕೆ ಹೋಗುತ್ತಿದ್ದಳು. ಮುಂದಿನದನ್ನು ಬಿಡಿಸಿ ಹೇಳಬೇಕೆ?

ಜನ ತಮ್ಮವರೇ. ಹುಡುಗ ಬೀಡಿ ಕೂಡ ಸೇದುವುದಿಲ್ಲ. ದೊಡ್ಡಮಾದಯ್ಯನ ಹೆಂಡತಿ ದೊಡ್ಡಮಾದಮ್ಮನಿಗೆ ಸಂಬಂಧ ಒಪ್ಪಿಗೆ. ಅಡ್ಡ ನಿಂತಿದ್ದು ಒಂದೇ, ಕಡಲು.

“ನೆಲದ ಮ್ಯಾಲೆ ದುಡಿಯೋ ಗಂಡು ಸಿಕ್ನಿಲ್ವಾ ಇವ್ಳಿಗೆ?” ಎಂದು ದೊಡ್ಡಮಾದಯ್ಯ ಕೂಗಾಡಿದ. “ಇವತ್ತು ನೀರಿಗೋದೋನು ನಾಳೆ ಬತ್ತಾನೆ ಅಂತ ಯಾರು ಬರ್ಕೊಟ್ಟವ್ರೆ? ಕೂಸು ಹಣೆ ಅಳಿಸ್ಕಂಡು ಬಾಗ್ಲಿಗೆ ಬಂದ್ರೆ ನಾನು ಕಣ್ಬುಟ್ಕಂಡು ನೋಡ್ಬೇಕಾ?”

“ಬುಡ್ತು ಅನ್ನು! ಬಾಯಿಗ್ ಬಂದಂಗೆ ಆಡ್ಬ್ಯಾಡ” ಎಂದು ದೊಡ್ಡಮಾದಮ್ಮ ಗದರಿದಳು.

ಶಿವರಂಜಿನಿ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. “ಅಪ್ಪಾ, ನೀನು ಒಲ್ಲೆ ಅಂದ್ರೆ ನಿನ್ನ ಮೀರಿ ನಾನು ಓಗಾಕಿಲ್ಲ. ಆದ್ರೆ ಆಮ್ಯಾಕೆ ಇನ್ನೊಬ್ಬನ ಮುಂದೆ ಬಂದು ಕೂರು ಅಂತ ಕರೀಬ್ಯಾಡ” ಎಂದಳು. ಅಷ್ಟು ಹೇಳಿ ಕೊಡ ಎತ್ತಿಕೊಂಡು ನಲ್ಲಿ ಹತ್ತಿರ ಹೋದಳು. ಅವಳು ಕೂಗಾಡಿದ್ದರೆ ಅಪ್ಪನಿಗೆ ಸಲೀಸಾಗುತ್ತಿತ್ತು. ಈ ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು.

ಆ ಕಡೆ ಗಂಡಿನ ಮನೆ ನೋಡುವ ಶಾಸ್ತ್ರ ಎಂದೊಂದಿದೆ. ಹೆಣ್ಣಿನ ಅಪ್ಪ, ಸೋದರಮಾವ ಹೋಗಿ ಗಂಡಿನ ಮನೆಯಲ್ಲಿ ಕೂರುತ್ತಾರೆ. ಅವರು ಎಲೆ ಹಾಕಿ ಬಡಿಸುತ್ತಾರೆ. ಉಂಡರೆ ಸಂಬಂಧ ಕುದುರಿತು, ಮಾತು ಕೊಟ್ಟಂತೆ. ಮನಸ್ಸಿಲ್ಲದಿದ್ದರೆ ಒಲ್ಲೆ ಎಂದು ಬಾಯಿಬಿಟ್ಟು ಹೇಳಿ ಯಾರನ್ನೂ ನೋಯಿಸಬೇಕಿಲ್ಲ. ಎಲೆ ಮುಟ್ಟದೆ ಕೈ ಮುಗಿದು ಎದ್ದರೆ ಮುಗಿಯಿತು. ಇನ್ನು ಯಾರೂ ಆ ಮಾತನ್ನು ಎತ್ತುವುದಿಲ್ಲ. ದೊಡ್ಡಮಾದಯ್ಯ ಹಾಗೆ ಏಳಬೇಕೆಂದೇ ತೀರ್ಮಾನ ಮಾಡಿಕೊಂಡಿದ್ದ. ಆದರೆ ಮಗಳ ಮುಖಕ್ಕೆ ಹೇಳಲು ಒಂದು ಕಾರಣ ಬೇಕಲ್ಲ? ಅದಕ್ಕೇ ಹೆಂಡತಿಯ ತಮ್ಮ ನಿಂಗರಾಜುವಿನ ಕೈಯಲ್ಲಿ ಹೇಳಿಕಳಿಸಿದ: “ಮನೆ ನೋಡಾಕ್ ಮುಂಚೆ ಅವ್ನ ಕೆಲ್ಸ ನೋಡ್ತೀನಿ.” ಹುಡುಗನಲ್ಲಿ ಒಂದು ತಪ್ಪು ಕಂಡರೆ ಸಾಕಿತ್ತು.

ನಿಂಗರಾಜು ತರಕಾರಿ ಹೇರಿಕೊಂಡು ಕಲ್ಲಿಕೋಟೆಗೆ ಪಿಕಪ್ ಓಡಿಸುವವನು. ಸಂಕ್ರಾಂತಿ ಕಳೆದ ಒಂದು ಬುಧವಾರ ಬೆಳಗಾಗುವ ಹೊತ್ತಿಗೆ ಭಾವನನ್ನು ಕಡಲ ದಂಡೆಗೆ ತಂದು ಇಳಿಸಿ, ತಾನು ಮಾರುಕಟ್ಟೆಗೆ ಹೋದ. ಸುಧಾಕರ್ ದೋಣಿ ತೊಳೆದು ಕಾಯುತ್ತಿದ್ದ. ದೋಣಿಯ ಯಜಮಾನ ಕೋಯಾ ಇಂಜಿನ್ನಿನ ಹತ್ತಿರ ಕೂತು ಚಹಾ ಕುಡಿಯುತ್ತಿದ್ದ.

“ಇವತ್ತು ಗಿರಾಕಿ ಯಾರೂ ಇಲ್ಲ ಅಯ್ಯ. ಕೋಲು ನೀವೇ ಹಿಡೀರಿ. ಸಿಕ್ಕಿದ್ ಮೀನ ಅವ್ವ ಇವತ್ತಿನ್ ಶಾಸ್ತ್ರದ್ ಊಟಕ್ಕೇ ಮಾಡ್ತಾಳೆ” ಎಂದ ಸುಧಾಕರ್, ಒಂದು ಕಿತ್ತಳೆ ಬಣ್ಣದ ಜಾಕೀಟನ್ನು ಅವನ ಮೈಗೆ ತೊಡಿಸಿ ಬಿಗಿಯಾಗಿ ಕಟ್ಟುತ್ತ.

ದಂಡೆ ಹಿಂದೆ ಸರಿದು, ತೆಂಗಿನ ಮರಗಳು ಕಡ್ಡಿಯಂತಾಗಿ, ಆಮೇಲೆ ಅವೂ ಇಲ್ಲವಾದಾಗ ದೊಡ್ಡಮಾದಯ್ಯ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೆರೆಗೆ ಆ ಕಡೆ ದಡ ಇರುತ್ತದೆ. ಇದಕ್ಕಿಲ್ಲ. ಮಗಳ ಗಂಡ ದಿನಾ ಇಲ್ಲಿಗೆ ಬರಬೇಕು, ಅವಳು ದಿನಾ ಬಾಗಿಲಲ್ಲಿ ನಿಲ್ಲಬೇಕು ಎಂದು ನೆನೆದು ಹಿಡಿತವನ್ನು ಇನ್ನೂ ಬಿಗಿ ಮಾಡಿದ.

“ದೋಣಿ ಯಾವತ್ತಾದ್ರೂ ಮಗುಚ್ಕಂಡದಾ?” ಎಂದು ಕೇಳಿದ.

“ಒಂದ್ಸಲ ಮಗುಚ್ಕಂಡಿತ್ತು ಅಯ್ಯ. ಜಾಕೀಟು ಇತ್ತು, ಬ್ಯಾರೆ ದೋಣಿಯೋರು ಬಂದು ಎತ್ಕಂಡ್ರು.”

“ನಿಮ್ಮಪ್ಪ ಇದ್ನ ಒಪ್ಪಿದ್ನಾ?”

“ಅಪ್ಪ ಕಡಲ್ನೇ ನೋಡಿರ್ನಿಲ್ಲ. ಕಾಡಂಚಲ್ಲಿ ಮದ್ದೂರ್ ಕಡೆ ಬಾಳೆತೋಟ ಕಾಯ್ತಿದ್ದ. ಆನೆ ತುಳ್ದು ಸಾಯ್ಸ್ಬುಡ್ತು” ಎಂದು ಸುಧಾಕರ್ ತಲೆ ಎತ್ತದೆ ಗಾಳ ಕಟ್ಟುತ್ತಲೇ ಹೇಳಿದ.

ಹುಡುಗ ದೋಣಿ ಮಗುಚಿಲ್ಲ ಎಂದು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ನೆಟ್ಟಗೆ ಮಾತಾಡುವವನಲ್ಲಿ ತಪ್ಪು ಹುಡುಕುವುದು ಮೊಟ್ಟೆಯಲ್ಲಿ ಮುಳ್ಳು ಹುಡುಕಿದ ಹಾಗೆ. ದೊಡ್ಡಮಾದಯ್ಯನಿಗೆ ಸಿಟ್ಟೇ ಬಂತು.

ಹಡಗುಗಳಿಗೆ ಗುರುತಿಗೆಂದು ಕಡಲಲ್ಲಿ ಕಟ್ಟಿಬಿಟ್ಟ ದೊಡ್ಡ ತೇಲುಡಬ್ಬವೊಂದರ ಹತ್ತಿರ ಕೋಯಾ ಇಂಜಿನ್ನು ನಿಲ್ಲಿಸಿದ. ಅದರ ನೆರಳಲ್ಲೇ ಮೀನು ಇರುತ್ತದಂತೆ. ಸುಧಾಕರ್ ಒಂದೇ ದಾರಕ್ಕೆ ಎರಡು ಗಾಳ ಕಟ್ಟಿ, ಜೀವಂತ ಬಂಗುಡೆಯೊಂದನ್ನು ಸಿಕ್ಕಿಸಿ ಇಳಿಬಿಟ್ಟ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಉದ್ದನೆಯ ಕಪ್ಪು ಆಕಾರವೊಂದು ಯಾರಿಗೂ ಹೆದರದೆ ದೋಣಿಯ ಹತ್ತಿರವೇ ಎದ್ದು ಬಂತು. ಚಪ್ಪಟೆ ತಲೆ, ಕಂದುಗಪ್ಪು ಬೆನ್ನು, ಪಕ್ಕೆಯಲ್ಲಿ ಉದ್ದಕ್ಕೆ ಬಿಳಿ ಪಟ್ಟೆ.

“ಮೋತ!” ಎಂದು ಕೋಯಾ ಪಿಸುಗುಟ್ಟಿದ.

“ಪೇಟೆ ಗಿರಾಕಿಗಳು ಕೋಬಿಯಾ ಅಂತಾರೆ. ತಮಿಳ್ರು ಕಡಲ್ ವಿರಾಲ್ ಅಂತಾರೆ ಅಯ್ಯ” ಎಂದ ಸುಧಾಕರ್.

ವಿರಾಲ್ ಅಂದರೆ ಕೊರವ. ಗಡಿ ಕಡೆಯ ತಮಿಳರ ಜೊತೆ ಕೂಲಿ ಮಾಡಿದವನಿಗೆ ಅಷ್ಟು ಗೊತ್ತಿಲ್ಲವೆ? ದೊಡ್ಡಮಾದಯ್ಯನ ಭಯ ಒಮ್ಮೆಗೇ ಇಳಿಯಿತು. ಅದೇ ತಲೆ, ಅದೇ ಮೈ. ಕಡಲಿಗೆ ಬಂದು ಕೊಬ್ಬಿದ ಕೊರವ ಇದು, ಅಷ್ಟೇ. ಇಂಥದನ್ನು ಅವನು ಅಂಗಿ ತೊಡುವುದಕ್ಕೆ ಮುಂಚೆಯೇ ಹಿಡಿದಿದ್ದಾನೆ.

ಮೀನು ಬಂಗುಡೆಯನ್ನು ನುಂಗಿತು. ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರುಚುತ್ತ ದಾರ ಬಿಟ್ಟಿತು. ಸುಧಾಕರ್ ಹಿಂದಿನಿಂದ ಅವನ ಸೊಂಟ ಹಿಡಿದು, “ಬುಡಿ, ಓಡ್ಲಿ ಬುಡಿ. ಈಗ ಸುತ್ತಿ. ಈಗ ಬುಡಿ” ಎಂದು ಹೇಳಿಕೊಡುತ್ತಿದ್ದ. ದೊಡ್ಡಮಾದಯ್ಯನ ತೋಳು ನಡುಗಿತು, ಬೆವರು ಕಣ್ಣಿಗಿಳಿಯಿತು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನಿಗೆ ಮಗಳು, ಮದುವೆ ಯಾವುದೂ ನೆನಪಿರಲಿಲ್ಲ. ಹಾಗೆ ಜಗ್ಗುತ್ತ ಜಗ್ಗುತ್ತ ಮೀನು ಇದ್ದಕ್ಕಿದ್ದಂತೆ ಎದುರಾಟ ಬಿಟ್ಟು, ಸಾಕಿದ ಕರುವಿನಂತೆ ದೋಣಿಯ ಪಕ್ಕಕ್ಕೆ ಬಂದು ನಿಂತಿತು.

ಸುಧಾಕರ್ ಕೊಕ್ಕೆ ಕೈಗೆ ತೆಗೆದುಕೊಂಡನೇ ಹೊರತು ಹಾಕಲಿಲ್ಲ. “ಇನ್ನೂ ಬ್ಯಾಡ ಅಯ್ಯ. ಇದು ಸುಮ್ಕಾದಂಗೆ ನಾಟ್ಕ ಆಡ್ತದೆ. ಇನ್ನೂ ದಮ್ಮದೆ ಅದ್ಕೆ. ಇನ್ನೊಂದೆರಡು ಕಿತ ಓಡಿ ಸುಸ್ತಾಗ್ಲಿ.”

“ಪತುಕ್ಕೆ, ಪತುಕ್ಕೆ” ಎಂದು ಕೋಯಾ ಕೂಡ ಕೈಯಾಡಿಸಿದ. ಮೆಲ್ಲಗೆ ಎಂದು ಅವನು ಹೇಳುತ್ತಿರುವುದು ದೊಡ್ಡಮಾದಯ್ಯನಿಗೆ ಚೆನ್ನಾಗಿಯೇ ತಿಳಿಯಿತು.

ತಿಳಿದರೇನು? ಮೀನು ಸುಮ್ಮನಾಗಿದೆ, ಇವರು ಕೈಕಟ್ಟಿ ನೋಡುತ್ತಿದ್ದಾರೆ. ಮೀಸೆ ಸರಿಯಾಗಿ ಬಲಿಯದ ಹುಡುಗ ಉಡಿಗಾಲದ ದೊಡ್ಡಮಾದಯ್ಯನಿಗೆ ಗಾಳ ಕಲಿಸುವುದೆ! ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಹೆಗಲಿನ ಟವಲನ್ನು ಕೈಗೆ ಸುತ್ತಿ, ಬಗ್ಗಿ ದಾರವನ್ನೇ ಹಿಡಿದು, ಅರಿಶಿನದ ಮೂಟೆ ಎತ್ತುವ ರಟ್ಟೆಯಲ್ಲಿ ಒಂದೇ ಏಟಿಗೆ ಎಳೆದ.

ಮೀನು ದೋಣಿಯೊಳಕ್ಕೆ ಬಿತ್ತು. ಬಿದ್ದ ಮೇಲೆ ಅದಕ್ಕೆ ಜೀವ ಬಂತು.

ಅಯ್ಯಯ್ಯೋ, ಅದೇನು ಮೀನೋ, ಗೂಳಿಯೋ! ಬಾಲದ ಒಂದು ಏಟಿಗೆ ಐಸ್ ಪೆಟ್ಟಿಗೆ ಉರುಳಿತು. ಇನ್ನೊಂದು ಏಟಿಗೆ ಕೋಲು ಎರಡು ತುಂಡಾಯಿತು. ದೊಡ್ಡಮಾದಯ್ಯ ರೂಢಿಯಂತೆ ಕಾಲಿಟ್ಟು ಒತ್ತಲು ಹೋದ. ಮೀನು ಅವನನ್ನೇ ಎತ್ತಿ ಅಂಗಾತ ಕೆಡವಿತು. ಅದರ ಬಾಯಲ್ಲಿ ಒಂದು ಗಾಳ ನೆಟ್ಟಿತ್ತು. ಇನ್ನೊಂದು ಗಾಳ ತುಂಡು ದಾರದಲ್ಲಿ ನೇತಾಡುತ್ತ, ಮೀನು ಹೊರಳಿದ ಕಡೆಗೆಲ್ಲ ಚಾಟಿಯಂತೆ ಬೀಸುತ್ತಿತ್ತು. ಬಿದ್ದವನ ಮುಖದ ಮುಂದೆಯೇ ಒಮ್ಮೆ ಸುಂಯ್ ಎಂದು ಹೋಯಿತು. ಏಳಲು ಜಾಗವಿಲ್ಲ. ಕಣ್ಣು ಮುಚ್ಚಿಕೊಂಡು “ಮಾದಪ್ಪಾ!” ಎಂದು ಕಿರುಚಿದ.

ಕಣ್ಣು ಬಿಟ್ಟಾಗ ಸುಧಾಕರ್ ಒದ್ದೆ ಗೋಣಿಚೀಲದ ಸಮೇತ ಮೀನಿನ ಮೇಲೆ ಬಿದ್ದಿದ್ದ. ನೇತಾಡುತ್ತಿದ್ದ ಗಾಳ ಅವನ ಮುಂಗೈಯೊಳಕ್ಕೆ ಪೂರ್ತಿ ಇಳಿದಿತ್ತು. ಮೀನು ಇನ್ನೂ ಒದ್ದಾಡುತ್ತಿತ್ತು, ಒದ್ದಾಡಿದಾಗಲೆಲ್ಲ ಕೈ ಅದರ ಜೊತೆ ಹೋಗುತ್ತಿತ್ತು, ಹುಡುಗನ ಬಾಯಿಂದ ಕೇಳಬಾರದ ಸ್ವರ ಬರುತ್ತಿತ್ತು. ಕೋಯಾ ಹಾರಿ ಬಂದು ದಾರ ಕೊಯ್ದು, ಮರದ ದೊಣ್ಣೆಯಿಂದ ಮೀನಿನ ತಲೆಗೆ ಹೊಡೆದ.

“ಬ್ಯಾಡ ಬ್ಯಾಡ ಅಂತ ಬಡ್ಕಂಡ್ನಲ್ಲ!” ಎಂದು ಸುಧಾಕರ್ ಕೂಗಿದ. ಮುಖ ಬಿಳುಚಿಕೊಂಡಿತ್ತು. “ಕಣ್ಣಿಗ್ ಚುಚ್ಚಿದ್ರೆ ಏನ್ ಗತಿ? ನಿಮ್ ಮಗ್ಳಿಗೆ ಏನಂತ ಏಳ್ಲಿ ನಾನು?”

ರಕ್ತ ದೋಣಿಯ ತಳದ ನೀರಿಗೆ ಇಳಿದು ದೊಡ್ಡಮಾದಯ್ಯನ ಪಾದದ ಹತ್ತಿರ ಬರುತ್ತಿತ್ತು. ಪಾದ ಹಿಂದಕ್ಕೆ ಎಳೆದುಕೊಂಡ.

ದಂಡೆಯ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಗಾಳ ಕತ್ತರಿಸಿ ತೆಗೆದು, ಹೊಲಿಗೆ ಹಾಕಿ, ಬಿಳಿ ಬಟ್ಟೆ ಸುತ್ತಿದರು. ನರ ಒಂದು ಕೂದಲೆಳೆಯಲ್ಲಿ ಉಳಿಯಿತು, ಇಲ್ಲದಿದ್ದರೆ ಬೆರಳು ಮಡಿಸಲು ಆಗುತ್ತಿರಲಿಲ್ಲ ಎಂದರು. ಅಷ್ಟರಲ್ಲಿ ಪಿಕಪ್ ತಂದ ನಿಂಗರಾಜು ಬಟ್ಟೆ ಸುತ್ತಿದ ಕೈ ನೋಡಿ ಹೌಹಾರಿದ.

“ಏನ್ಲಾ ಇದು?”

ದೊಡ್ಡಮಾದಯ್ಯ ಬಾಯಿ ತೆರೆಯುವುದಕ್ಕೆ ಮುಂಚೆಯೇ ಸುಧಾಕರ್ ಹೇಳಿದ: “ನಂದೇ ತಪ್ಪು ಕಣಣ್ಣ. ಮೈಮರ್ತೆ. ದಣಿಯಾಕ್ ಮುಂಚೇನೆ ಎಳ್ದುಬುಟ್ಟೆ.”

ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಭಾಮೈದನ ಎದುರು ಮಾನ ಹೋದರೆ ಈ ಮುದುಕ ಸಂಬಂಧದ ಕಡೆ ತಿರುಗಿಯೂ ನೋಡುವುದಿಲ್ಲ. ತಾನು ಹೊತ್ತುಕೊಂಡರೆ ಇವನ ಮನಸ್ಸು ಕರಗಬಹುದು. ಆದರೆ ದೊಡ್ಡಮಾದಯ್ಯ ಯಾವುದಕ್ಕೆ ಬಂದಿದ್ದನೋ ಅದನ್ನೇ ತಾನು ಅವನ ಕೈಗೆ ಕೊಟ್ಟೆ ಎಂದು ಹುಡುಗನಿಗೆ ಗೊತ್ತಿರಲಿಲ್ಲ. ಕಡಲಲ್ಲಿ ಮೈಮರೆಯುವ ಗಂಡು! ಮಗಳಿಗೆ ಹೇಳಲು ಇದಕ್ಕಿಂತ ಕಾರಣ ಬೇಕೆ? ದೊಡ್ಡಮಾದಯ್ಯ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮುಚ್ಚಿಕೊಂಡ ಮೇಲೆ ಮತ್ತೆ ತೆರೆಯುವುದು ಕಷ್ಟವಾಯಿತು.

ಪಿಕಪ್ ಘಟ್ಟ ಹತ್ತಿತು. ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತಿದ್ದರು. ತಿರುವು ಬಂದಾಗಲೆಲ್ಲ ಸುಧಾಕರನ ಗಾಯದ ಕೈ ದೊಡ್ಡಮಾದಯ್ಯನ ಪಕ್ಕೆಗೆ ತಾಗುತ್ತಿತ್ತು, ಹುಡುಗ ಹಲ್ಲು ಕಚ್ಚುತ್ತಿದ್ದ. ಬತ್ತೇರಿ ಪೇಟೆ ದಾಟುವಾಗ ನಿಂಗರಾಜುವಿನ ಫೋನಿಗೆ ಶಿವರಂಜಿನಿ ಕರೆ ಮಾಡಿದಳು. ನಿಂಗರಾಜು ಫೋನನ್ನು ಭಾವನಿಗೆ ಕೊಟ್ಟ.

“ಅಪ್ಪಾ, ಎಲ್ಲಾ ಸುಸೂತ್ರನಾ? ಅವ್ರ ಕೆಲ್ಸ ನೋಡ್ದಾ? ಎಂಗನ್ನಿಸ್ತು?”

“ನೋಡ್ದೆ ಕಣಮ್ಮಿ” ಎಂದು ಫೋನನ್ನು ನಿಂಗರಾಜುವಿಗೆ ವಾಪಸು ಕೊಟ್ಟ. ಆ 'ಎಂಗನ್ನಿಸ್ತು'ವಿನಲ್ಲಿ ಎಷ್ಟು ಆಸೆ ಇತ್ತೆಂದು ಅವನಿಗೆ ಕೇಳಿಸಿತ್ತು. ಮೂಲೆಹೊಳೆಯ ಕಾಡಿನುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಏನನ್ನೂ ಕಾಣಲಿಲ್ಲ.

ಸೋಮಮ್ಮನ ಮನೆ ಅಂಗಡಿಯ ಹಿಂದೆಯೇ. ಚಾಪೆ ಹಾಸಿತ್ತು. ಕೇರಿಯ ಹಿರಿಯ ಮರಿಮಲ್ಲಪ್ಪ ಗಂಡಿನ ಕಡೆಯವನಾಗಿ ಬಂದು ಗೋಡೆಗೊರಗಿ ಕೂತಿದ್ದ. ಸೋಮಮ್ಮ ಮಗನ ಕೈ ನೋಡಿದಳು. ಕೂಗಲಿಲ್ಲ. “ಏನಾಯ್ತು?” ಎಂದಳು. ಸುಧಾಕರ್ ಅದೇ ಮಾತು ಒಪ್ಪಿಸಿದ. ಅವಳು ಐಸ್ ಪೆಟ್ಟಿಗೆ ತೆರೆದು ಮೀನನ್ನು ಹಲಗೆಯ ಮೇಲೆ ಹೊರಳಿಸಿದಳು. ಆ ಮಗ್ಗುಲು ನೋಡಿದಳು, ಈ ಮಗ್ಗುಲು ನೋಡಿದಳು, ತಲೆಯ ಹಿಂದೆ ಬೆರಳಾಡಿಸಿದಳು.

“ಕೊಕ್ಕೆ ಗಾಯನೇ ಇಲ್ವಲ್ಲ ಮಗ” ಎಂದಳು. “ನೀನು ಕೊಕ್ಕೆ ಇಲ್ದೆ ಯಾವತ್ತು ಮೀನೆತ್ತಿದ್ದೀಯೆ?”

“ಇವತ್ತು ಎತ್ದೆ ಕಣವ್ವ” ಎಂದ ಸುಧಾಕರ್, ತಾಯಿಯ ಮುಖ ನೋಡದೆ.

ಸೋಮಮ್ಮ ಒಮ್ಮೆ ದೊಡ್ಡಮಾದಯ್ಯನ ಕಡೆ ನೋಡಿದಳು. ಅವನು ಟವಲಿನ ಅಂಚು ಸುತ್ತುತ್ತ ಕೂತಿದ್ದ. ಆಮೇಲೆ ಅವಳು ಕತ್ತಿ ತೆಗೆದುಕೊಂಡಳು.

ಅಂಥ ಮೀನನ್ನು ಕೊಯ್ಯುವುದನ್ನು ನೋಡಬೇಕು. ದಪ್ಪ ತೊಗಲನ್ನು ಸುಲಿದಳು, ಒಳಗೆ ಬೆಣ್ಣೆಯಂಥ ಬಿಳಿ ಬಾಡು. ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಉಪ್ಪು ಅರಿಶಿನ ಹಚ್ಚಿ ತೊಳೆದಳು. ಒಂದಷ್ಟಕ್ಕೆ ಖಾರದಪುಡಿ, ಬೆಳ್ಳುಳ್ಳಿ, ಹುಣಸೆರಸ ಕಲಸಿ ಕಾವಲಿಯ ಮೇಲೆ ಹಾಕಿದಳು. ತಲೆ ಮತ್ತು ನಡುತುಂಡುಗಳು ಮಣ್ಣಿನ ಮಡಕೆಯ ಸಾರಿಗೆ ಹೋದವು. ರುಬ್ಬಿದ ಕಾಯಿ, ಹುರಿದ ಮೆಂತ್ಯದ ಘಮ ಚಾಪೆಯವರೆಗೂ ಬಂತು. ಮರಿಮಲ್ಲಪ್ಪ ಎರಡು ಸಲ ಉಗುಳು ನುಂಗಿದ. ಸುಧಾಕರ್ ಬಾಗಿಲ ಹತ್ತಿರ ಕೈ ಎದೆಗೆ ಒತ್ತಿಕೊಂಡು ನಿಂತಿದ್ದ.

ಎಲೆ ಹಾಕಿದರು. ಮುದ್ದೆ ಇಟ್ಟರು, ಸಾರು ಬಿಟ್ಟರು, ಹುರಿದ ತುಂಡುಗಳನ್ನು ಇಟ್ಟರು. ಈಗ ಎಲ್ಲರ ಕಣ್ಣೂ ದೊಡ್ಡಮಾದಯ್ಯನ ಬಲಗೈಯ ಮೇಲೆ.

ನಿಂಗರಾಜು ಪಕ್ಕಕ್ಕೆ ವಾಲಿ ಕಿವಿಯಲ್ಲಿ ಉಸುರಿದ: “ಭಾವ, ನಿನ್ಗೆ ಬೇಕಾದ್ದು ಸಿಕ್ತಲ್ಲ. ಅಜಾಗ್ರತೆ ಅಂತ ಗಂಡೇ ಒಪ್ಕಂಡವ್ನೆ. ಕೈ ಮುಗ್ದು ಎದ್ಬುಡು. ಯಾರೂ ನಿನ್ನ ಅನ್ನಾಕಿಲ್ಲ.”

ಹೌದು, ಯಾರೂ ಅನ್ನುವುದಿಲ್ಲ. ಮಗಳಿಗೂ ಹೇಳಬಹುದು, ಅವಳೂ ನಂಬುತ್ತಾಳೆ. ದೊಡ್ಡಮಾದಯ್ಯ ಏಳಲು ಮೊಣಕಾಲೂರಿದ. ಬಾಗಿಲಲ್ಲಿ ನಿಂತ ಹುಡುಗನ ಮುಖ ಕಂಡಿತು. ಅವನು ಬೇಡಿಕೊಳ್ಳುತ್ತಲೂ ಇರಲಿಲ್ಲ, ಹೆದರಿಸುತ್ತಲೂ ಇರಲಿಲ್ಲ. ಈ ಯಜಮಾನ ಇನ್ನೇನು ಏಳುತ್ತಾನೆ ಎಂದು ಗೊತ್ತಾಗಿ, ಆಗಲೂ ಬಾಯಿ ಬಿಡದೆ ನಿಂತಿದ್ದ. ದೊಡ್ಡಮಾದಯ್ಯನಿಗೆ ತಡೆಯಲಾಗಲಿಲ್ಲ. ಊರಿದ ಮೊಣಕಾಲನ್ನು ಮತ್ತೆ ಮಡಿಸಿ ಕೂತ.

“ಮೀನ ಎಳ್ದಿದ್ದು ಅವ್ನಲ್ಲ” ಎಂದ. “ನಾನು. ಬ್ಯಾಡ ಬ್ಯಾಡ ಅಂತ ಬಡ್ಕಂಡ. ಕೇಳ್ನಿಲ್ಲ, ಎಳ್ದುಬುಟ್ಟೆ. ನನ್ ಮೊಕಕ್ ಬೀಳೋ ಗಾಳ ಅವ್ನ ಕೈಗ್ ಬಿತ್ತು.”

ನಿಂಗರಾಜು ಬಾಯಿ ಬಿಟ್ಟುಕೊಂಡು ಭಾವನನ್ನೇ ನೋಡಿದ. ಈಗ ಎಲ್ಲ ಸಲೀಸಾಗಿ, ಸೋಮಮ್ಮ ಕಣ್ಣೊರೆಸಿಕೊಂಡು ಇನ್ನೊಂದು ಸೌಟು ಸಾರು ಬಿಡುತ್ತಾಳೆ ಎಂದು ನೀವು ಅಂದುಕೊಂಡಿರಬಹುದು. ದೊಡ್ಡಮಾದಯ್ಯನೂ ಹಾಗೇ ಅಂದುಕೊಂಡಿದ್ದ. ಸೋಮಮ್ಮ ಬಂದು ಬಗ್ಗಿ, ಅವನ ಮುಂದಿನ ಎಲೆಯನ್ನು ಮುದ್ದೆ ಸಾರಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡುಬಿಟ್ಟಳು.

“ಅವ್ವಾ!” ಎಂದ ಸುಧಾಕರ್.

“ಸುಮ್ಕಿರ್ಲಾ ನೀನು” ಎಂದಳು ಅವಳು. “ಮೀನ್ ನೋಡಿದ್ ತಕ್ಷಣ ನನ್ಗೆ ಗೊತ್ತಾಯ್ತು ಯಜಮಾನ್ರೆ. ನೀವಾಗ್ ನೀವೇ ಮುಂಚೇನೆ ಬಾಯ್ಬುಡ್ತೀರಾ ಅಂತ ಕಾಯ್ತಿದ್ದೆ. ಕಲ್ಲಿಕೋಟೆಯಿಂದ ಇಲ್ಲಿಗಂಟ ಪಕ್ಕದಲ್ಲೇ ಕೂತಿದ್ರಿ. ನನ್ ಮಗ ನಿಮ್ ತಪ್ಪು ಒತ್ಕಂಡು ಬಂದ, ನೀವು ಅವ್ನ ತಲೆ ಮ್ಯಾಲೆ ಒರ್ಸಿ ಬಂದ್ರಿ. ನಿಮ್ ಮಗ್ಳು ಚಿನ್ನದಂಥವ್ಳು, ನಾ ಇಲ್ಲ ಅನ್ನಾಕಿಲ್ಲ. ಆದ್ರೆ ಇಂಥಾ ಬೀಗಸ್ತನ ಬ್ಯಾಡ ನನ್ಗೆ. ನಾಳೆ ನಿಮ್ ಮನೇಲಿ ಏನಾದ್ರೂ ಆದ್ರೆ ಅದ್ಕೂ ನನ್ ಮಗ್ನೇ ಕೈ ಕೊಡ್ಬೇಕಾ? ಎದ್ದೇಳಿ.”

ಮರಿಮಲ್ಲಪ್ಪ “ಸೋಮವ್ವ, ತಾಳವ್ವ” ಎಂದು ಏನೋ ಹೇಳಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಎಲೆ ಎತ್ತಿದ ಮೇಲೆ ಹೇಳುವುದು ಏನಿದೆ? ಅದು ಗಂಡಿನ ಕಡೆಯ ಒಲ್ಲೆ.

ನಿಂಗರಾಜು ಎದ್ದು ನಿಂತ. ದೊಡ್ಡಮಾದಯ್ಯ ಏಳಲಿಲ್ಲ. ಎದ್ದು ಹೋಗಲೆಂದೇ ಬಂದಿದ್ದವನು ಅವನು. ಬೇಕಾಗಿದ್ದೂ ಆಗಿಹೋಗಿತ್ತು, ಸಂಬಂಧ ಮುರಿದಿತ್ತು, ಅದೂ ಅವರ ಕಡೆಯಿಂದಲೇ. ಸಂಜೆ ಬಸ್ಸಿಳಿದು ಅಂಗಳಕ್ಕೆ ಬರುವ ಮಗಳು ಏನಾಯ್ತಪ್ಪ ಎಂದು ಕೇಳುತ್ತಾಳೆ. ಅವಳಿಗೆ ಏನೆಂದು ಹೇಳುವುದು?

“ನೀನು ಅಂದಿದ್ದೆಲ್ಲ ನಿಜ ಕಣವ್ವ” ಎಂದ. “ಒಲ್ಲೆ ಅನ್ನಾಕೇ ಬಂದಿದ್ದೆ ನಾನು. ಕಡಲು ಅಂದ್ರೆ ಭಯ ನನ್ಗೆ. ಈಗ್ಲೂ ಭಯನೇ. ಕೂಸು ಒಂಟಿ ಆಗೋಯ್ತದೆ ಅಂತ ಭಯ. ಆದ್ರೆ ಇವತ್ತು ಗಾಳ ನನ್ ಕಣ್ಮುಂದೆ ಬಂದಾಗ ಇವ್ನು ಅಡ್ಡ ಬಿದ್ದ. ನಾನು ಇವ್ನಿಗೆ ಏನೂ ಆಗ್ಬೇಕಾಗಿರ್ನಿಲ್ಲ, ಆದ್ರೂ ಬಿದ್ದ. ನನ್ ಮಗ್ಳಿಗೆ ಇಂಥವ್ನ ಬುಟ್ಟು ಇನ್ನೆಲ್ಲಿ ಉಡುಕ್ಲಿ?”

ಸೋಮಮ್ಮ ಎಲೆ ಹಿಡಿದುಕೊಂಡೇ ನಿಂತಿದ್ದಳು. ಸಾರು ಎಲೆಯ ಅಂಚಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹೊಲದ ಯಜಮಾನರ ಮುಂದೆಯೂ ಕೈ ಒಡ್ಡದ ಆ ಮನುಷ್ಯ ಎರಡೂ ಅಂಗೈ ಸೇರಿಸಿ ಅವಳ ಮುಂದೆ ಹಿಡಿದ.

“ಎಲೆ ಬ್ಯಾಡ ಬುಡು. ಕೈಗೇ ಇಕ್ಕವ್ವ. ಉಣ್ದೆ ನಾನು ಮನೆಗೋಗಾಕಿಲ್ಲ.”

ಸುಧಾಕರ್ ಗೋಡೆಯ ಕಡೆ ತಿರುಗಿಕೊಂಡ. ಸೋಮಮ್ಮ ಅಡುಗೆಮನೆಗೆ ಹೋದಳು. ಒಡ್ಡಿದ ಕೈ ಒಡ್ಡಿದಂತೆಯೇ ದೊಡ್ಡಮಾದಯ್ಯ ಕಾಯುತ್ತ ಕೂತ. ಆಮೇಲೆ ಅವಳು ಬೇರೊಂದು ಎಲೆ ತೊಳೆದು ತಂದು ಅವನ ಮುಂದೆ ಹಾಸಿದಳು, ಹಬೆಯಾಡುವ ಮುದ್ದೆ ಇಟ್ಟಳು, ಮಡಕೆಯ ತಳದಿಂದ ನಡುತುಂಡು ತೆಗೆದು ಸಾರಿನ ಜೊತೆ ಬಿಟ್ಟಳು.

“ಸುಡ್ತದೆ” ಎಂದಳು. “ನಿಧಾನಕ್ಕೆ ಉಣ್ಣಿ, ಬೀಗ್ರೆ.”